ವಿಮಾನಕ್ಕೆ ಎಷ್ಟು ದೊಡ್ಡ ಲೆನ್ಸ್ ಬೇಕು?

ಸೋದರಿಯರೇ, ಲೆನ್ಸ್ ಎಂಬ ಪದ ಕಂಡೊಡನೆ 'ಇದು ಗಂಡಸರ ವಿಷಯ' ಎಂದು ಪುಟ ಮಗುಚಿ ಪಲ್ಯ, ಗೊಜ್ಜುಗಳ ಕಡೆ ಹೊರಟುಬಿಡಬೇಡಿ. ಮನೆಗೆ ಎಷ್ಟು ಲೀಟರಿನ ಕುಕ್ಕರು ಸಾಕು, ಎಷ್ಟು ಕಿಲೋ ಹಿಡಿಸುವ ಗ್ರೈಂಡರು ಬೇಕು ಎಂದು ಅಳೆದು ಸುರಿದು ತೀರ್ಮಾನಿಸುವವರು ನಾವೇ ತಾನೆ? ಟೆಲಿಫೋಟೋ ಲೆನ್ಸ್ ಕೂಡ ಅಂಥದೇ ಒಂದು ಪಾತ್ರೆ. ದೊಡ್ಡದು ಕೊಂಡರೆ ಒಳ್ಳೆಯದು ಅಂತ ಅಂಗಡಿಯವನು ಹೇಳುತ್ತಾನೆ. ಎಷ್ಟು ಜನಕ್ಕೆ ಅಡುಗೆ ಅಂತ ನಮಗೆ ಗೊತ್ತಿರಬೇಕು, ಅಷ್ಟೆ.

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ 'ಏರೋ ಇಂಡಿಯಾ' ವಿಮಾನ ಪ್ರದರ್ಶನದ ಹೆಸರು ನೀವೆಲ್ಲ ಕೇಳಿಯೇ ಇರುತ್ತೀರಿ. 1996ರಲ್ಲಿ ಶುರುವಾದದ್ದು. 2025ರ ಫೆಬ್ರವರಿ 10ರಿಂದ 14ರವರೆಗೆ ನಡೆದದ್ದು ಹದಿನೈದನೆಯದು. ನಮ್ಮ ಮನೆ ಇರುವುದು ದೊಡ್ಡಬಳ್ಳಾಪುರದಲ್ಲಿ. ಅಭ್ಯಾಸ ಶುರುವಾಯಿತೆಂದರೆ ಮಧ್ಯಾಹ್ನ ಹಪ್ಪಳ ಒಣಗಿಸುವಾಗ ತಲೆಯ ಮೇಲೇ ಗುಡುಗು. ಮಕ್ಕಳೆಲ್ಲ ತಾರಸಿಗೆ ಓಡುತ್ತಾರೆ. ನಮ್ಮ ಮಾವನವರು ಮಾತ್ರ ಜಗುಲಿಯಲ್ಲಿ ಕೂತಲ್ಲೇ ಕೂತು, ಕಿವಿ ನಿಮಿರಿಸಿ, "ಇದು ಹಾಕ್. ಹೋಯ್ತಲ್ಲ, ಅದು ಸುಖೋಯ್" ಎನ್ನುತ್ತಾರೆ. ನೋಡಲು ಅವರು ಮೇಲೇಳುವುದಿಲ್ಲ. ನೋಡಿದರೂ ಅವರಿಗೆ ಕಾಣುವುದಿಲ್ಲ.

ಅವರು ಎಚ್.ಎ.ಎಲ್.ನಲ್ಲಿ ಫಿಟ್ಟರ್ ಆಗಿದ್ದವರು. ಕಿರಣ್ ಎಂಬ ತರಬೇತಿ ವಿಮಾನ ಇತ್ತಲ್ಲ, 1964ರಲ್ಲಿ ಮೊದಲು ಹಾರಿದ್ದು, ಅದರ ಕೆಲಸದಲ್ಲಿ ವರ್ಷಗಟ್ಟಲೆ ಕೈ ಸವೆಸಿದವರು. 1996ರಲ್ಲಿ ಬೀದರಿನ ವಾಯುನೆಲೆಯಲ್ಲಿ 'ಸೂರ್ಯಕಿರಣ' ತಂಡ ಹುಟ್ಟಿದಾಗ ಅದು ಹಾರಿಸಿದ್ದು ಈ ಕಿರಣ್ ವಿಮಾನಗಳನ್ನೇ. 2011ರ ಪ್ರದರ್ಶನದವರೆಗೂ ಅವೇ ಹಾರಿದವು. ಆಮೇಲೆ ಕೆಲ ವರ್ಷ ತಂಡವೇ ನಿಂತಿತ್ತು. ಈಗ ಹಾರುವುದು ಹಾಕ್. ಕೆಂಪು ಬಿಳಿ ಬಣ್ಣದ ಒಂಬತ್ತು ವಿಮಾನಗಳು. ಮಾವನವರಿಗೆ ಈ ತಂಡವೆಂದರೆ ಸೊಸೆ ಮನೆಗೆ ಬಂದ ಹಾಗೆ. ತಾನು ಬೆಳೆಸಿದ್ದಲ್ಲ, ಆದರೂ ಮನೆಯದೇ!

ಅವರಿಗೆ ಈಗ ಎಪ್ಪತ್ತೆಂಟು. ಕಣ್ಣಿನ ಪರದೆಯ ನಡುಭಾಗ ಸವೆಯುವ ಕಾಯಿಲೆ. ಮುಖ ನೋಡಿದರೆ ಮೂಗು, ಬಾಯಿ ಮಂಜು, ಕಿವಿ ಓಲೆ ಮಾತ್ರ ಸ್ಪಷ್ಟ. ಪೊರೆ ಬಂದರೆ ಆಪರೇಷನ್ ಮಾಡಿ ತೆಗೆಯುತ್ತಾರೆ, ಇದು ಹಾಗಲ್ಲ. ಒಂದು ಕಣ್ಣಿನಲ್ಲಿ ಒಳಗೆ ಸೋರುವ ಬಗೆಯದು, ಅದಕ್ಕೆ ಆಗಾಗ್ಗೆ ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡಿಸಬೇಕು. ಅದೂ ಮುಖ್ಯವಾಗಿ ಇರುವ ದೃಷ್ಟಿ ಉಳಿಸಿಕೊಳ್ಳುವುದಕ್ಕೆ, ಹೋದದ್ದನ್ನೆಲ್ಲ ಮರಳಿ ತರುವುದಕ್ಕಲ್ಲ. ಮಾತು ಬಂತು ಎಂದು ಹೇಳಿಬಿಡುತ್ತೇನೆ, ಮನೆಯಲ್ಲಿ ಹಿರಿಯರಿದ್ದರೆ ಒಂದೊಂದೇ ಕಣ್ಣು ಮುಚ್ಚಿಸಿ ಕಿಟಕಿಯ ಸರಳು ನೋಡಲು ಹೇಳಿ. ನೆಟ್ಟಗಿರುವ ಸರಳು ಸೊಟ್ಟಗೆ ಕಂಡಿತೋ, 'ವಯಸ್ಸಾಯಿತು' ಎಂದು ಸುಮ್ಮನಿರದೆ ಕಣ್ಣಿನ ಡಾಕ್ಟರ ಹತ್ತಿರ ಬೇಗ ಕರೆದೊಯ್ಯಿರಿ.

ಕಳೆದ ದೀಪಾವಳಿ ಹೊತ್ತಿಗೆ ಮಾವನವರು ಒಂದು ಮಾತು ಅಂದರು. "ಈ ಸಲ ಹಾಕ್ ಹೇಗಿದೆ ಅಂತ ಒಂದ್ಸಲ ನೋಡಿಬಿಡಬೇಕಮ್ಮ. ಮುಂದಿನ ಸಲಕ್ಕೆ ಕಣ್ಣು ಎಷ್ಟು ಉಳಿದಿರುತ್ತೋ." ಆಕಾಶದಲ್ಲಿ ಅವರಿಗೆ ಕಾಣದು. ಆದರೆ ಟಿ.ವಿ.ಯ ಹತ್ತಿರ ಹೋಗಿ, ತಲೆ ಒಂಚೂರು ಓರೆ ಮಾಡಿ, ಕಣ್ಣಂಚಿನಿಂದ ದೊಡ್ಡ ಚಿತ್ರ ನೋಡಬಲ್ಲರು. ಹಾಗಾದರೆ ವಿಮಾನವನ್ನು ಟಿ.ವಿ. ತುಂಬ ತರಬೇಕು. ಮಗಳ ಕಾಲೇಜಿಗೆಂದು ಕೊಂಡ ನಿಕಾನ್ ಕ್ಯಾಮರಾ ಮನೆಯಲ್ಲಿತ್ತು, ಜೊತೆಯಲ್ಲಿ ಬಂದ ಚಿಕ್ಕ ಲೆನ್ಸ್ ಇತ್ತು. ನನ್ನ ಕೈಯಲ್ಲಿ ಐವತ್ತು ಸಾವಿರದ ಚೀಟಿ ಎತ್ತಿದ ಹಣ ಇತ್ತು. ಆ ಹಣದ ಕಡೆ ಎರಡು ಕೈ ಚಾಚಿದ್ದವು ನೋಡಿ. ಒಂದು ಇಂಜೆಕ್ಷನ್ನಿನದು, ಇನ್ನೊಂದು ಲೆನ್ಸಿನದು. ಗಾಜಿನ ಕಣ್ಣಿಗೆ ಹಾಕಿದ ಪ್ರತಿ ರೂಪಾಯಿಯೂ ನಿಜವಾದ ಕಣ್ಣಿನಿಂದ ಕಳೆಯಬೇಕು. ಆದ್ದರಿಂದಲೇ ನಾನು ಲೆಕ್ಕಕ್ಕೆ ಕೂತದ್ದು.

ಲೆನ್ಸಿನ ಮೇಲೆ ಬರೆದಿರುವ 55, 300, 600 ಎಂಬ ಅಂಕಿಗಳು ಮಿಲಿಮೀಟರಿನವು. ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಕಡಿಮೆ ಕಾಣುತ್ತದೆ. ನಮ್ಮ ಮನೆಯದರಂಥ ಕ್ಯಾಮರಾದೊಳಗೆ ಚಿತ್ರ ಬೀಳುವ ತಗಡಿನ ಅಗಲ ಸುಮಾರು 24 ಮಿಲಿಮೀಟರು. ದೂರವನ್ನು 24ರಿಂದ ಗುಣಿಸಿ, ಲೆನ್ಸಿನ ಅಂಕಿಯಿಂದ ಭಾಗಿಸಿ. ಅಷ್ಟು ಮೀಟರು ಅಗಲದ ಆಕಾಶ ಚಿತ್ರದಲ್ಲಿ ಬರುತ್ತದೆ. ಎಸ್ಸೆಸ್ಸೆಲ್ಸಿ ಓದಿದ ನನಗೇ ಬಂತು ಎಂದಮೇಲೆ ನಿಮಗೇಕೆ ಬಾರದು?

ವಿಮಾನ ಅರ್ಧ ಕಿಲೋಮೀಟರು ದೂರ ಅಂತ ಇಟ್ಟುಕೊಳ್ಳಿ. ಚಿಕ್ಕ ಲೆನ್ಸಿನ 55ರಲ್ಲಿ ಸುಮಾರು 218 ಮೀಟರು ಅಗಲದ ಆಕಾಶ ಬರುತ್ತದೆ. ನಮ್ಮ ತೇಜಸ್ ವಿಮಾನದ ಉದ್ದ 13 ಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ಚಪಾತಿಯ ಮೇಲೆ ಬಿದ್ದ ಜೀರಿಗೆ ಕಾಳಿನಷ್ಟು ಕಂಡೀತು. ಮೊಬೈಲಿನಲ್ಲಾದರೆ ಎಳ್ಳು. 300ರ ಲೆನ್ಸಿನಲ್ಲಿ 40 ಮೀಟರು ಆಕಾಶ, ವಿಮಾನ ಚಿತ್ರದ ಮೂರನೆಯ ಒಂದು ಪಾಲು. 400ರಲ್ಲಿ 30 ಮೀಟರು, ಹೆಚ್ಚುಕಡಿಮೆ ಅರ್ಧ. 600ರಲ್ಲಿ 20 ಮೀಟರು, ಮೂರರಲ್ಲಿ ಎರಡು ಪಾಲು.

ಹಾಗಾದರೆ 600ರದ್ದೇ ಸರಿ ಅಂತ ನಮ್ಮ ಯಜಮಾನರು. "ಕೊಳ್ಳೋದು ಒಂದೇ ಸಲ, ದೊಡ್ಡದೇ ಕೊಂಡುಬಿಡು" ಅಂದರು. ಮದುವೆಯಲ್ಲಿ ರೇಷ್ಮೆ ಸೀರೆ ತೆಗೆಯುವಾಗ ಮಾತ್ರ ಈ ಉದಾರತೆ ಎಲ್ಲಿ ಅಡಗಿತ್ತೋ ಕಾಣೆ! ನಾನು ಮೂರು ಪ್ರಶ್ನೆ ಹಾಕಿಕೊಂಡೆ.

ಮೊದಲನೆಯದು, ನೋಡುವುದು ಯಾವುದರ ಮೇಲೆ? ನಮ್ಮ ಕ್ಯಾಮರಾ ಚಿತ್ರದ ಅಗಲಕ್ಕೆ 6000 ಚುಕ್ಕಿಗಳು. 300ರ ಲೆನ್ಸಿನಲ್ಲಿ ವಿಮಾನ ಮೂರನೆಯ ಒಂದು ಪಾಲು ಎಂದರೆ ಅದರ ಮೈಮೇಲೇ ಸುಮಾರು 2000 ಚುಕ್ಕಿ. ನಮ್ಮ ಟಿ.ವಿ.ಯ ಪೂರಾ ಅಗಲಕ್ಕೆ ಇರುವುದೇ 1920. ಅಂದರೆ ಸುತ್ತಲಿನ ಬರೀ ಆಕಾಶವನ್ನು ಕತ್ತರಿಸಿ ಹಾಕಿದರೆ ವಿಮಾನವೊಂದೇ ಟಿ.ವಿ. ತುಂಬ ನಿಲ್ಲುತ್ತದೆ, ಚಿತ್ರ ಒಡೆಯುವುದಿಲ್ಲ. ವಿಮಾನ ಒಂದು ಕಿಲೋಮೀಟರು ದೂರವಾದರೆ ಅರ್ಧ ಟಿ.ವಿ. ತುಂಬೀತು. ಗೋಡೆಯಷ್ಟು ದೊಡ್ಡ ಚಿತ್ರ ಮಾಡಿಸುವವರಿಗೆ, ಪತ್ರಿಕೆಗೆ ಕೊಡುವವರಿಗೆ ಇದು ಸಾಲದು. ಮಾವನವರಿಗೆ ಸಾಕು. ಇನ್ನು ಫೋನಿನಲ್ಲಿ ಬೆರಳಿನಿಂದ ಎಳೆದು ದೊಡ್ಡದು ಮಾಡುತ್ತೇವಲ್ಲ, ಅದು ಬಹುಮಟ್ಟಿಗೆ ಇದ್ದ ಹಿಟ್ಟನ್ನೇ ತೆಳ್ಳಗೆ ಲಟ್ಟಿಸಿದ ಹಾಗೆ. ಹಿಟ್ಟು ಹೆಚ್ಚುವುದಿಲ್ಲ.

ಎರಡನೆಯದು, ಹೊರುವವರು ಯಾರು? 150ರಿಂದ 600ರವರೆಗಿನ ಲೆನ್ಸಿನ ತೂಕ ಹತ್ತಿರ ಹತ್ತಿರ ಎರಡು ಕಿಲೋ. ನಿಕಾನಿನ 200-500ರದ್ದು ಅದಕ್ಕೂ ಹೆಚ್ಚು. ಸಿಗ್ಮಾದ 100-400 ಒಂದೂಕಾಲು ಕಿಲೋದೊಳಗೆ. ನಿಕಾನಿನ ಹಗುರದ 70-300 ಸುಮಾರು 400 ಗ್ರಾಂ. ಪರೀಕ್ಷೆ ಮಾಡಲು ಅಂಗಡಿಗೆ ಹೋಗಬೇಕಾಗಿಲ್ಲ. ಎರಡು ಕಿಲೋ ಗೋಧಿಹಿಟ್ಟಿನ ಪೊಟ್ಟಣವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಆಕಾಶದಲ್ಲಿ ಸುತ್ತುವ ಹದ್ದನ್ನು ಅದರ ಮೂತಿಯಿಂದ ಹಿಂಬಾಲಿಸಿ ನೋಡಿ. ನಾನು ತಾರಸಿಯ ಮೇಲೆ ಮಾಡಿದೆ. ಐದನೆಯ ನಿಮಿಷಕ್ಕೆ ತೋಳು ನಡುಗಿತು, ಪಕ್ಕದ ಮನೆಯಾಕೆ "ಏನ್ರೀ, ಹರಕೆನಾ?" ಅಂತ ಕೇಳಿದರು. ಒಂದು ಕಿಲೋ ಸಕ್ಕರೆ ಹತ್ತು ನಿಮಿಷ ತಡೆಯಿತು. ಅರ್ಧ ಕಿಲೋ ರವೆ ಎಷ್ಟು ಹೊತ್ತಾದರೂ ಸರಿ. ಪ್ರದರ್ಶನವೋ ಗಂಟೆಗಟ್ಟಲೆ. ಜನಜಂಗುಳಿಯಲ್ಲಿ ಮೂರು ಕಾಲಿನ ಸ್ಟ್ಯಾಂಡಿಗೆ ಜಾಗವಿಲ್ಲ, ತಲೆಯ ಮೇಲೆ ಹಾರುವುದನ್ನು ಹಿಂಬಾಲಿಸಲು ಅದು ಒದಗುವುದೂ ಕಷ್ಟ.

ಮೂರನೆಯದು, ಹತ್ತಿರದ್ದನ್ನೂ ಹಿಡಿಯಬೇಕೆ? ಸೂರ್ಯಕಿರಣದ ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ಹೊಂದಿಸಿ ಬಂದು, ಒಮ್ಮೆಗೇ ಹೂ ಅರಳಿದ ಹಾಗೆ ಚದುರುತ್ತವೆ. ಆಗ ಬೇಕಾದದ್ದು ಅಗಲ. 150ರಿಂದ ಶುರುವಾಗುವ ಲೆನ್ಸಿನಲ್ಲಿ ಅರ್ಧ ಕಿಲೋಮೀಟರಿನಲ್ಲಿ 80 ಮೀಟರು ಮಾತ್ರ ಸಿಗುತ್ತದೆ, ಚದುರಿದೊಡನೆ ಅರ್ಧ ತಂಡ ಚಿತ್ರದ ಹೊರಗೆ. 70ರಿಂದ ಶುರುವಾಗುವುದರಲ್ಲಿ 170 ಮೀಟರು. ಪ್ರದರ್ಶನದ ನಡುವೆ ಲೆನ್ಸ್ ಬದಲಿಸುತ್ತ ಕೂತರೆ ಧೂಳು ಒಳಗೆ ಹೋಗುತ್ತದೆ, ವಿಮಾನ ಆಂಧ್ರ ತಲುಪಿರುತ್ತದೆ.

ಇನ್ನೊಂದು ಮಾತು. 2.8 ಎಂಬ ಅಂಕಿಯ ದಪ್ಪ ಕತ್ತಿನ ಲೆನ್ಸುಗಳನ್ನು ತೋರಿಸಿ ಆಸೆ ಹುಟ್ಟಿಸುತ್ತಾರೆ. ಅದು ಬೆಳಕು ಒಳಗೆ ಬಿಡುವ ಬಾಗಿಲಿನ ಅಳತೆ. ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು, ಬೆಲೆಯೂ ದೊಡ್ಡದು. ಛತ್ರದೊಳಗಿನ ಮದುವೆಗೆ, ರಾತ್ರಿಯ ನಾಟಕಕ್ಕೆ ಅದು ಬೇಕು. ಫೆಬ್ರವರಿಯ ಉರಿಬಿಸಿಲಿನಲ್ಲಿ ಹಾರುವ ವಿಮಾನಕ್ಕೆ 8ರ ಬಾಗಿಲು ಧಾರಾಳ. ಅಲ್ಲದೆ ಹೊತ್ತೇರಿದ ಮೇಲೆ ಕಾದ ತವಾದ ಮೇಲಿನ ಗಾಳಿಯ ಹಾಗೆ ರನ್‌ವೇ ಮೇಲಿನ ಗಾಳಿ ಕುಣಿಯುತ್ತದೆ. ಆಗ ದೂರದ ವಿಮಾನವನ್ನು ಎಷ್ಟು ಲಕ್ಷದ ಲೆನ್ಸಿನಲ್ಲಿ ತೆಗೆದರೂ ಅಲುಗಿದ ಹಾಗೇ ಬರುತ್ತದೆ. ಬೆಳಗಿನ ಹೊತ್ತು, ಹತ್ತಿರ ಬಂದಾಗ ತೆಗೆಯುವುದೇ ಮದ್ದು.

ಹೀಗೆ ಕೂಡಿಸಿ ಕಳೆದು 70-300 ಎಂದು ಗೊತ್ತು ಮಾಡಿದೆ. 100-400 ತೆಗೆದುಕೊಂಡಿದ್ದರೆ ಮೂರನೆಯ ಒಂದು ಪಾಲು ಹೆಚ್ಚು ದೊಡ್ಡದಾಗಿ ಬರುತ್ತಿತ್ತು, ನಿಜ. ಆದರೆ ಅದು ಚೀಟಿಯನ್ನು ಪೂರಾ ನುಂಗುತ್ತಿತ್ತು. ಸೆಕೆಂಡ್ ಹ್ಯಾಂಡಿನಲ್ಲಿ 70-300 ಚೀಟಿಯ ಮೂರನೆಯ ಒಂದು ಪಾಲಿನೊಳಗೆ ಬಂತು, ಉಳಿದದ್ದು ಡಾಕ್ಟರ ಪಾಲಿಗೆ ಉಳಿಯಿತು. ಒಂದೇ ಸಲದ ಆಸೆಗೆ ದೊಡ್ಡ ಲೆನ್ಸ್ ಬೇಕೇಬೇಕು ಎನ್ನುವವರಿಗೆ ಬೆಂಗಳೂರಿನಲ್ಲಿ ದಿನದ ಬಾಡಿಗೆಗೂ ಸಿಗುತ್ತದೆ, ಶಾಮಿಯಾನ ಪಾತ್ರೆ ಬಾಡಿಗೆಗೆ ತಂದ ಹಾಗೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಷ್ಟು ನೋಡಿಕೊಳ್ಳಿ. ಕುಕ್ಕರಿನ ಗ್ಯಾಸ್ಕೆಟ್ ಹಾಗೆ ಎಲ್ಲ ಲೆನ್ಸೂ ಎಲ್ಲ ಕ್ಯಾಮರಾಕ್ಕೆ ಕೂರುವುದಿಲ್ಲ. ನಿಕಾನಿನ 3000, 5000 ಸಾಲಿನ ಕ್ಯಾಮರಾಗಳಲ್ಲಿ ಫೋಕಸ್ ತಿರುಗಿಸುವ ಮೋಟಾರು ಇರುವುದಿಲ್ಲ, ಅದು ಲೆನ್ಸಿನಲ್ಲೇ ಇರಬೇಕು. 'ಎಎಫ್-ಪಿ' ಎಂಬ ಹೊಸ ಬಗೆಯವು ತೀರ ಹಳೆಯ ಕ್ಯಾಮರಾಗಳಲ್ಲಿ ಕೆಲಸ ಮಾಡುವುದಿಲ್ಲ. ಅದೇ 70-300ರಲ್ಲಿ 'ವಿಆರ್' ಅಕ್ಷರ ಇರುವುದೂ ಇದೆ, ಇಲ್ಲದ್ದೂ ಇದೆ. ಕೈ ನಡುಕ ತಡೆಯುವ ಏರ್ಪಾಡು ಅದು, ಇರುವುದನ್ನೇ ಆರಿಸಿ. ನಿಮ್ಮ ಕ್ಯಾಮರಾವನ್ನೇ ಒಯ್ದು, ಸಿಕ್ಕಿಸಿ, ರಸ್ತೆಯಲ್ಲಿ ಹೋಗುವ ಸ್ಕೂಟರಿನ ನಾಲ್ಕು ಚಿತ್ರ ತೆಗೆದು ನೋಡಿ. ಟಾರ್ಚು ಹಾಕಿ ಗಾಜಿನೊಳಗೆ ಇಣುಕಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಬೂಷ್ಟು, ಎಷ್ಟು ಅಗ್ಗವಾದರೂ ಬೇಡ. ಲೆನ್ಸಿಗೆ ಬಂದರೆ ಅದು ಗಾಜನ್ನೇ ಕೊರೆಯುತ್ತದೆ. ಮಲೆನಾಡು, ಕರಾವಳಿಯ ಸೋದರಿಯರು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನೊಂದಿಗೆ ಇಟ್ಟರೆ ಕ್ಷೇಮ.

ಲೆನ್ಸ್ ಬಂದರೆ ಸಾಲದು, ಕೈ ಪಳಗಬೇಕು. ನನಗೆ ಗುರುಗಳಾದದ್ದು ಹದ್ದುಗಳು. ಸಂತೆಯ ಮೇಲೆ ಸುತ್ತುವ ಹದ್ದನ್ನು ಕಣ್ಣಿನ ಕಿಂಡಿಯಲ್ಲಿ ಇಟ್ಟುಕೊಂಡು ಸೊಂಟದಿಂದ ತಿರುಗುತ್ತ ತಿರುಗುತ್ತಲೇ ಗುಂಡಿ ಒತ್ತುವುದು. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಇದೇ ಹದ್ದು ವಿಮಾನಕ್ಕೆ ಶತ್ರು ನೋಡಿ. 2025ರ ಪ್ರದರ್ಶನಕ್ಕೆಂದು ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರು ಮಾಂಸ ಮಾರಾಟವನ್ನೇ ಜನವರಿ 23ರಿಂದ ಫೆಬ್ರವರಿ 17ರವರೆಗೆ ನಿಲ್ಲಿಸಿದ್ದರು. ಎಸೆದ ಚೂರಿಗೆ ಹದ್ದು ಬರುತ್ತದೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಅನಾಹುತ. ಆ ದಿನಗಳಲ್ಲಿ ಆ ಕಡೆಯವರು ಕಸ ಹೊರಗೆ ಸುರಿಯದಿರುವುದೂ ಒಂದು ಸೇವೆಯೇ.

ಕ್ಯಾಮರಾವನ್ನು ಹೀಗೆ ಇಟ್ಟುಕೊಳ್ಳಿ. ಫೋಕಸ್ ಒಂದೇ ಕಡೆ ನಿಲ್ಲದೆ ವಿಮಾನವನ್ನು ಹಿಂಬಾಲಿಸುವ ಬಗೆಯಲ್ಲಿರಲಿ. ಗುಂಡಿ ಒತ್ತಿ ಹಿಡಿದರೆ ಸಾಲಾಗಿ ಚಿತ್ರ ತೆಗೆಯುವಂತಿರಲಿ. ಜೆಟ್ ವಿಮಾನಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗ, ಇಲ್ಲವೇ ಅದಕ್ಕೂ ಚುರುಕು. ಆಕಾಶ ಬೆಳ್ಳಗಿದ್ದರೆ ವಿಮಾನ ಇದ್ದಿಲಾಗುತ್ತದೆ, ಬೆಳಕನ್ನು ಒಂದು ಮೆಟ್ಟಿಲು ಏರಿಸಿ. ಪ್ರೊಪೆಲರ್ ಇರುವ ವಿಮಾನಕ್ಕೆ, ಹೆಲಿಕಾಪ್ಟರಿಗೆ ಮಾತ್ರ ಇಷ್ಟು ಚುರುಕು ಬೇಡ, ಸೆಕೆಂಡಿನ 125ನೇ ಅಥವಾ 250ನೇ ಭಾಗ ಸಾಕು. ಎದುರು ಮನೆಯ ಹುಡುಗ ತೆಗೆದ ಪ್ರೊಪೆಲರ್ ವಿಮಾನದ ಚಿತ್ರವನ್ನು ಮಾವನವರ ಮುಂದೆ ಹಿಡಿದಾಗ ಅವರು ಓರೆಗಣ್ಣಲ್ಲಿ ನೋಡಿ, "ಪಾಪ, ಎಂಜಿನ್ ನಿಂತೇ ಹೋಗಿದೆಯಲ್ಲೋ, ಪೈಲಟ್ ಇಳಿದನೇ?" ಅಂದರು. ರೆಕ್ಕೆ ತಿರುಗುವ ಮಸುಕು ಇದ್ದರೇ ಜೀವ.

ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಬಿಡುವ ದಿನ ನಾನೂ ಮಗಳೂ ಪಾಸು ಕೊಂಡು ಹೋದೆವು. ಆ ಸಲ ಧ್ರುವ್ ಹೆಲಿಕಾಪ್ಟರುಗಳ ಹಾರಾಟ ನಿಲ್ಲಿಸಿದ್ದರಿಂದ 'ಸಾರಂಗ್' ತಂಡ ಇರಲಿಲ್ಲ. ಸೂರ್ಯಕಿರಣ ಇತ್ತು. ಚೆಂದ ನೋಡುತ್ತ ನನಗೆ 2019ರ ಫೆಬ್ರವರಿ 19 ನೆನಪಾಯಿತು. ಅಂದು ಅಭ್ಯಾಸದಲ್ಲಿ ಇದೇ ತಂಡದ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಆ ವಾರವೆಲ್ಲ ಮಾವನವರು ಸರಿಯಾಗಿ ಊಟ ಮಾಡಿರಲಿಲ್ಲ. ನಮಗೆ ಅದು ಆಟ, ಒಳಗೆ ಕೂತವರಿಗೆ ಅಲ್ಲ. ಅದಕ್ಕೇ ಹೇಳುತ್ತೇನೆ, ಪ್ರದರ್ಶನದ ಹೊರತು ಬೇರೆ ದಿನಗಳಲ್ಲಿ ವಾಯುನೆಲೆಯ ಕಡೆ ಕ್ಯಾಮರಾ ತಿರುಗಿಸಬೇಡಿ. ಪ್ರದರ್ಶನದಲ್ಲೂ ಪಾಸಿನ ಹಿಂದಿನ ನಿಯಮ ಓದಿಕೊಳ್ಳಿ. ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಮೇಲೆ ನೋಡುತ್ತ ನಿಲ್ಲುವುದಂತೂ ಬೇಡವೇ ಬೇಡ. ಟೋಪಿ, ನೀರು, ಚಿಕ್ಕ ಮಕ್ಕಳ ಕಿವಿಗೆ ರಕ್ಷಣೆ, ಇಷ್ಟು ಮರೆಯಬೇಡಿ.

ಸಂಜೆ ಚಿತ್ರಗಳನ್ನು ಟಿ.ವಿ.ಗೆ ಹಾಕಿದೆವು. ಮಾವನವರು ಕುರ್ಚಿಯನ್ನು ಟಿ.ವಿ.ಯ ಒಂದು ಮೊಳ ಹತ್ತಿರಕ್ಕೆ ಎಳೆದುಕೊಂಡರು. ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದರು. "ಗಾಜಿನ ಮುಚ್ಚಳ ಉದ್ದ ಇದೆ ನೋಡು. ನಮ್ಮ ಕಿರಣ್‌ನಲ್ಲಿ ಇಬ್ಬರೂ ಪಕ್ಕಪಕ್ಕ ಕೂರೋರು, ಇದರಲ್ಲಿ ಹಿಂದೆ ಮುಂದೆ" ಅಂದರು. ಆಮೇಲೆ "ಬಾಲದ ಹತ್ತಿರ ದೊಡ್ಡದು ಮಾಡು" ಅಂದರು. ಮಾಡಿದೆ. ತಗಡು ತಗಡು ಕೂಡುವ ಗೆರೆಯ ಮೇಲೆ ಬೆರಳಿಟ್ಟು ಆ ತುದಿಯಿಂದ ಈ ತುದಿಯವರೆಗೆ ಎಳೆದರು. "ಚೆನ್ನಾಗಿ ಕೂರಿಸಿದ್ದಾರೆ" ಎಂದರು. ಅದು ಹೊಗಳಿಕೆಯಲ್ಲಿ ಕಡೆಯ ಮಾತು, ನನ್ನ ಮೈಸೂರುಪಾಕಿಗೂ ಅವರು ಅಷ್ಟು ಹೇಳಿದ್ದಿಲ್ಲ. ಅವರು ಮತ್ತೆ ಮತ್ತೆ ಹಾಕಿಸಿಕೊಂಡ ಚಿತ್ರ ಒಂಬತ್ತರ ಸಾಲಿನದಲ್ಲ, ಒಂದೇ ಒಂದು ವಿಮಾನ ಮಗ್ಗುಲಾಗಿ ಹೊಟ್ಟೆ ತೋರಿಸಿದ್ದು.

ಇಂಜೆಕ್ಷನ್ ಈಗಲೂ ನಡೆಯುತ್ತಿದೆ. ಚೀಟಿಯ ಹಣ ಅಲ್ಲಿಗೇ ಸಂದಿತು. ಲೆನ್ಸು ಡಬ್ಬಿಯಲ್ಲಿ ಹರಳಿನ ಜೊತೆ ಕ್ಷೇಮವಾಗಿದೆ, ನಡುನಡುವೆ ಹಕ್ಕಿ ಹಿಡಿಯುತ್ತದೆ, ಶಾಲೆಯ ವಾರ್ಷಿಕೋತ್ಸವದಲ್ಲಿ ದೂರದ ಸಾಲಿನಿಂದಲೇ ಮೊಮ್ಮಕ್ಕಳ ಮುಖ ಹಿಡಿದು ತಾತನಿಗೆ ತೋರಿಸುತ್ತದೆ. ನೀವೂ ಕೊಳ್ಳುವುದಾದರೆ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಷ್ಟು ದೂರದ್ದು, ಎಷ್ಟು ದೊಡ್ಡದು, ಎಷ್ಟು ಹೊತ್ತು ಹೊರಬೇಕು, ನೋಡುವವರು ಯಾರು. ಕಡೆಯದನ್ನು ಅಂಗಡಿಯವನು ಕೇಳುವುದಿಲ್ಲ, ಅದನ್ನು ನೀವೇ ಬರೆದಿಟ್ಟುಕೊಂಡಿರಬೇಕು.